ಪಣಜಿಯಲ್ಲಿ ಎರಡು ದಿನ

ಯಾತ್ರೆ ಬೇರೆ, ಪ್ರವಾಸ ಬೇರೆ ಎಂದು ನಾನು ಬಹುಕಾಲದಿಂದ ಹೇಳುತ್ತ ಬಂದವನು. ಮುನವಳ್ಳಿಯ ನಮ್ಮ ಬಸದಿಯಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ನಾಲ್ಕು ಮಾತನಾಡುವ ಸರದಿ ಬಂದಾಗಲೆಲ್ಲ ಈ ವಿಷಯ ಹೇಗೋ ನನ್ನ ನಾಲಗೆಗೆ ಬರುತ್ತಿತ್ತು. ವಾರದ ಕೊನೆಗೆ ಗೆಳೆಯರೊಡನೆ ಮೋಟಾರು ಹತ್ತಿ ಗೋವೆಗೆ ಓಡುವ ತರುಣರನ್ನು ಎದುರಿಗೆ ಕೂರಿಸಿಕೊಂಡು, ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಅನರ್ಥದಂಡವನ್ನು ವಿವರಿಸಿದ ಭಾಗವನ್ನು ತೆಗೆಯುತ್ತಿದ್ದೆ. ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಮುರಿಯುವುದು ಇವುಗಳ ಸಾಲಿನಲ್ಲಿಯೇ ಆಚಾರ್ಯರು ಸುಮ್ಮನೆ ಅಲೆಯುವುದನ್ನೂ ಇತರರನ್ನು ಅಲೆಯಿಸುವುದನ್ನೂ ಸೇರಿಸಿದ್ದಾರೆ. ಅದಕ್ಕೆ ಪ್ರಮಾದಚರ್ಯೆ ಎಂದು ಹೆಸರು. ಇದನ್ನು ಹೇಳುವಾಗ ನನ್ನ ಧ್ವನಿ ತುಸು ಏರುತ್ತಿತ್ತೆಂದು ಈಗ ನೆನೆಸಿಕೊಂಡರೆ ತಿಳಿಯುತ್ತದೆ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವನಿಗೆ ಧ್ವನಿ ಏರಿಸುವುದು ಅಭ್ಯಾಸವಾಗಿರುತ್ತದೆ.

ನಾನು ಹೋದದ್ದೆಲ್ಲ ಯಾತ್ರೆಗೇ. ಶ್ರವಣಬೆಳಗೊಳ ಮೂರು ಸಲ, ಕುಂಭೋಜದ ಬಾಹುಬಲಿ ಲೆಕ್ಕವಿಲ್ಲದಷ್ಟು ಸಲ, ಸಮ್ಮೇದಶಿಖರ್ಜಿ ಒಮ್ಮೆ. ಅಲ್ಲಿಗೆಲ್ಲ ನನ್ನ ಜೊತೆಗೆ ಬಂದ ನನ್ನ ಮನೆಯವರು ಅರವತ್ತೆರಡು ವರ್ಷ ತುಂಬುವವರೆಗೂ ಸಮುದ್ರವನ್ನು ಕಂಡಿರಲಿಲ್ಲ. ನಮ್ಮ ಊರಿನಿಂದ ಕಡಲು ಒಂದು ದಿನದ ದಾರಿಯೂ ಅಲ್ಲ. ಆಕೆಗೆ ತಿಳಿದಿದ್ದ ದೊಡ್ಡ ನೀರೆಂದರೆ ಮಲಪ್ರಭೆ. ಅದೂ ೨೦೧೯ರ ಆಗಸ್ಟಿನಲ್ಲಿ, ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ಹೊಳೆಯ ದಂಡೆ ದಾಟಿ ಊರಿನೊಳಗೆ ನುಗ್ಗಿದಾಗ ಕಂಡ ಕೆಂಪು ನೀರು. ಆ ವಾರ ಧಾನ್ಯದ ಚೀಲಗಳನ್ನು ಅಟ್ಟಕ್ಕೆ ಏರಿಸುತ್ತ ಆಕೆ, “ನೀರಂದ್ರ ಇಷ್ಟ ಏನು?” ಎಂದು ಕೇಳಿದ್ದಳು. ಆಗ ಆ ಮಾತಿನ ಅರ್ಥ ನನಗೆ ಆಗಲಿಲ್ಲ. ಆಗಲೆಂದು ನಾನು ಪ್ರಯತ್ನಿಸಲೂ ಇಲ್ಲ.

ಹೋದ ಜನವರಿಯಲ್ಲಿ ಧಾರವಾಡದ ಮಗಳು ಅಳಿಯ ಎರಡನೆಯ ಶನಿವಾರದ ರಜೆಗೆ ಮಕ್ಕಳೊಡನೆ ಪಣಜಿಗೆ ಹೊರಟರು. ಮನೆಯವರು, “ನಾನೂ ಬರತೀನಿ” ಎಂದರು. ನನ್ನನ್ನು ಕೇಳಲಿಲ್ಲ, ತಿಳಿಸಿದರು. ಆಕೆಯನ್ನೊಬ್ಬಳನ್ನೇ ಕಳಿಸಿದರೆ ಜನ ಏನೆಂದಾರು, ನಾನೂ ಹೋದರೆ ಏನೆಂದಾರು ಎಂಬ ಎರಡು ಚಿಂತೆಗಳ ನಡುವೆ ನನಗೆ ಬಾಂದಿವಡೆ ಹೊಳೆಯಿತು. ಗೋವೆಯ ಫೋಂಡಾ ತಾಲೂಕಿನ ಆ ಗ್ರಾಮದಲ್ಲಿ ನೇಮಿನಾಥ ಬಸದಿಯ ಅವಶೇಷವಿದೆ. ಪಣಜಿಯ ದಾರಿಯಲ್ಲಿಯೇ ಇದೆ. ಟ್ರಸ್ಟಿನ ಕಾರ್ಯದರ್ಶಿಯಾದ ನಾನು ಶುಕ್ರವಾರ ಬೀಗದ ಕೈಯನ್ನು ಒಪ್ಪಿಸುವಾಗ, “ಬಾಂದಿವಡೆಯ ಬಸದಿ ನೋಡಿಕೊಂಡು ಬರುತ್ತೇವೆ” ಎಂದು ಹೇಳಿದೆ. ಹಿರಿಯರು ಕೈಮುಗಿದರು. ಒಬ್ಬರಂತೂ ತಮ್ಮ ಪರವಾಗಿಯೂ ನಮಸ್ಕರಿಸಿ ಬರಬೇಕೆಂದರು. ಸುಳ್ಳಲ್ಲದ ಈ ಮಾತು ಅಂದಿನ ರಾತ್ರಿ ನನಗೆ ನಿದ್ದೆ ಕೊಡಲಿಲ್ಲ.

ಸವದತ್ತಿ, ಧಾರವಾಡ, ಅಳ್ನಾವರ, ಲೋಂಡಾ. ಅನಮೋಡ ಘಟ್ಟದವರೆಗೆ ಹೇಳಬೇಕಾದದ್ದು ಹೆಚ್ಚೇನಿಲ್ಲ, ಮೊಮ್ಮಕ್ಕಳು ಮಲಗಿದ್ದರು. ಆದರೆ ಘಟ್ಟ ಇಳಿಯುವಾಗ ಅಳಿಯನಿಗೆ ನಾನು ಹೇಳಿದ ಒಂದು ಸಂಗತಿಯನ್ನು ಇಲ್ಲಿಯೂ ಹೇಳುತ್ತೇನೆ. ನಮ್ಮ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಪಣಜಿಯ ಮುಂದೆ ಹರಿಯುವ ಮಾಂಡವಿಯೂ ಅದೇ ತಾಲೂಕಿನ ಕಾಡಿನಲ್ಲಿ ಮಹಾದಾಯಿ ಎಂಬ ಹೆಸರಿನಿಂದ ಹುಟ್ಟುತ್ತದೆ. ಒಂದೇ ಘಟ್ಟದ ಮಳೆ. ಬೆನ್ನಿನ ಈಚೆಗೆ ಬಿದ್ದದ್ದು ನಮ್ಮ ಊರ ಮುಂದೆ ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಮೂಡಣ ಕಡಲಿಗೆ ಹೋಗುತ್ತದೆ, ಆಚೆಗೆ ಬಿದ್ದದ್ದು ಪಡುವಣ ಕಡಲಿಗೆ. ಈ ನೀರಿಗಾಗಿಯೇ ಎರಡು ರಾಜ್ಯಗಳ ವ್ಯಾಜ್ಯ ನಡೆದು, ೨೦೧೮ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ ೧೩.೪೨ ಟಿಎಂಸಿ ಹಂಚಿತು. ಅದರಲ್ಲಿ ಕಳಸಾ ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಲು ೩.೯ ಟಿಎಂಸಿ. ನರಗುಂದದ ರೈತರು ವರ್ಷಗಟ್ಟಲೆ ಧರಣಿ ಕೂತದ್ದು ಓದುಗರಿಗೆ ನೆನಪಿದ್ದೀತು. ರಾಜಕೀಯವಾಗಿ ಜಗಳವಾಡುವ ಈ ಎರಡು ನಾಡುಗಳು ಒಂದು ಕಾಲಕ್ಕೆ ಗೋವೆಯ ಕದಂಬರ ಆಳಿಕೆಯಲ್ಲಿ ಕೂಡಿಯೇ ಇದ್ದವು. ಕಿತ್ತೂರಿನ ಬಳಿಯ ದೇಗಾಂವಿಯ ಕಮಲನಾರಾಯಣ ಗುಡಿಯನ್ನು ಕಟ್ಟಿಸಿದ ಕಮಲಾದೇವಿ ಆ ವಂಶದ ಶಿವಚಿತ್ತ ಪೆರ್ಮಾಡಿಯ ರಾಣಿ. ಇವೆಲ್ಲವನ್ನು ಹೇಳಿ ನಾನು ಈ ಪ್ರಯಾಣಕ್ಕೊಂದು ಘನತೆ ತರಲು ಯತ್ನಿಸುತ್ತಿದ್ದೆನೆಂದು ಅಳಿಯನಿಗೆ ತಿಳಿಯಲಿಲ್ಲ. ಹಿಂದೆ ಕುಳಿತಿದ್ದ ಮನೆಯವರಿಗೆ ತಿಳಿದಿತ್ತು.

ಪಣಜಿ ಸಣ್ಣ ಊರು. ರಾಜಧಾನಿಯೆಂದು ಹೆದರಿ ಹೋದವನಿಗೆ ಮೊದಲು ಆಶ್ಚರ್ಯವಾದದ್ದು ಅದೇ. ಹಳೆಯ ಗೋವೆಯಲ್ಲಿ ಮಾರಿ ಜಾಡ್ಯಗಳು ಹೆಚ್ಚಿ ಜನ ಊರು ಬಿಟ್ಟ ಮೇಲೆ, ಪೋರ್ತುಗೀಜರು ೧೮೪೩ರಲ್ಲಿ ಇದನ್ನು ರಾಜಧಾನಿಯೆಂದು ಸಾರಿದರು. ನದಿಯ ದಂಡೆಯಲ್ಲಿ ಬಿಜಾಪುರದ ಆದಿಲಶಾಹಿಯ ಅರಮನೆ ಇನ್ನೂ ನಿಂತಿದೆ. ಆಮೇಲೆ ಅದು ಪೋರ್ತುಗೀಜ ಅಧಿಕಾರಿಗಳ ಮನೆಯಾಯಿತು, ೧೯೬೧ರ ವಿಮೋಚನೆಯ ನಂತರ ಸಚಿವಾಲಯವಾಯಿತು. ಅದರ ಪಕ್ಕದಲ್ಲಿ ಅಬ್ಬೆ ಫಾರಿಯಾ ಎಂಬ ಗೋವೆಯ ಪಾದರಿಯ ಮೂರ್ತಿ, ೧೯೪೫ರಲ್ಲಿ ನಿಲ್ಲಿಸಿದ್ದು. ಮನುಷ್ಯನನ್ನು ಮಾತಿನಿಂದಲೇ ನಿದ್ರೆಗೆ ಒಯ್ಯಬಹುದೆಂದು ಪ್ಯಾರಿಸಿನಲ್ಲಿ ತೋರಿಸಿದವನು ಆತ. ಕೈಚಾಚಿ ಬಾಗಿದ ಆ ಮೂರ್ತಿಯ ಕೆಳಗೆ ಒರಗಿದ ಹೆಂಗಸಿನ ರೂಪವಿದೆ. “ಅಜ್ಜಾ, ನೀನೂ ಶಾಲಿಯೊಳಗ ಹಿಂಗ ನಿದ್ದಿ ಹಚ್ಚತಿದ್ದೇನು?” ಎಂದು ಮೊಮ್ಮಗ ಕೇಳಿದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ನಿಷ್ಕಳಂಕ ಮಾತೆಯ ಇಗರ್ಜಿಯ ಬಿಳಿಯ ಮೆಟ್ಟಿಲುಗಳನ್ನು ಮನೆಯವರು ಕೈಯಾಸರೆಯಿಲ್ಲದೆ ಹತ್ತಿದರು. ೧೬೧೯ರಲ್ಲಿ ಹೊಸದಾಗಿ ಕಟ್ಟಿದ ಆ ಇಗರ್ಜಿಯ ದೊಡ್ಡ ಗಂಟೆ ಹಳೆಯ ಗೋವೆಯ ಪಾಳುಬಿದ್ದ ಅಗಸ್ಟಿನಿಯನ್ ಮಠದಿಂದ ಬಂದದ್ದು. ಫೊಂತೈನಾಸಿನ ಓಣಿಗಳಲ್ಲಿ ಹಳದಿ, ನೀಲಿ, ಕೆಂಪು ಗೋಡೆಗಳ ಹಂಚಿನ ಮನೆಗಳು. ಮನೆಯ ಮುಂದೆ ನಿಂತು ಭಾವಚಿತ್ರ ತೆಗೆಯಿಸಿಕೊಳ್ಳುವ ಜನ, ಒಳಗೆ ಕಿಟಕಿ ಮುಚ್ಚಿಕೊಂಡ ಮನೆಯವರು. ಅಲ್ಲಿ ನಾವು ಬೇಗ ಹೊರಟೆವು. ಪರರ ಹೊಸ್ತಿಲನ್ನು ಹೀಗೆ ಬಯಲಾಟದ ಪರದೆಯಾಗಿ ಮಾಡಿಕೊಳ್ಳುವುದು ನನಗೆ ಇಂದಿಗೂ ಸರಿಯೆನಿಸುವುದಿಲ್ಲ.

ಎಲ್ಲೆಡೆ ಕನ್ನಡ ಕಿವಿಗೆ ಬೀಳುತ್ತಿತ್ತು. ಕಟ್ಟಡದ ಕೆಲಸದವರು, ಹಣ್ಣು ಮಾರುವವರು, ಖಾನಾವಳಿಯಲ್ಲಿ ತಟ್ಟೆ ಇಡುವ ಹುಡುಗರು, ಎಲ್ಲ ನಮ್ಮ ಕಡೆಯವರೇ. ನಾವು ನೋಡಲು ಹೋದ ಊರಿಗೆ ಅವರು ದುಡಿಯಲು ಹೋಗಿದ್ದರು.

ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವುದು ನಮ್ಮ ರೂಢಿ. ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾ ಚಟ್ನಿ ಇದ್ದವು. ಕತ್ತಲಾದ ಮೇಲೆ ದಂಡೆಗೆ ಬಂದು ನಿಂತೆವು. ಮಾಂಡವಿಯ ನಡುವೆ ಜೂಜಿನ ಹಡಗುಗಳು ದೀಪ ಹೊತ್ತಿಸಿಕೊಂಡು ಲಂಗರು ಹಾಕಿದ್ದವು. ೨೦೨೦ರ ಫೆಬ್ರವರಿಯಿಂದ ಗೋವೆಯ ನಿವಾಸಿಗಳು ಜೂಜಿನ ಕೋಣೆಗೆ ಹೋಗಬಾರದೆಂದು ಅಲ್ಲಿಯ ಸರಕಾರವೇ ಆಜ್ಞೆ ಮಾಡಿತು. ಅಂದರೆ ತನ್ನ ಮಕ್ಕಳಿಗೆ ಬೇಡವಾದ ವಿಷವನ್ನು ನೆರೆಯವರ ಮಕ್ಕಳಿಗೆ ಬಡಿಸುವ ವ್ಯವಸ್ಥೆ. ಸಣ್ಣ ದೋಣಿಗಳಲ್ಲಿ ಹಡಗಿಗೆ ಹೋಗುವ ಸಾಲಿನಲ್ಲಿ ಇಬ್ಬರು ಹುಡುಗರು ಬೆಳಗಾವಿಯ ಕನ್ನಡದಲ್ಲಿ ಮಾತನಾಡುತ್ತಿದ್ದರು. ಬೈಯಬೇಕೆಂದು ಬಾಯಿ ತೆರೆದೆ. ನೀವೇಕೆ ಬಂದಿರಿ ಎಂದು ಅವರು ಕೇಳಿದರೆ ಬಾಂದಿವಡೆಯ ಹೆಸರನ್ನೇ ಹೇಳಬೇಕಾಗುತ್ತಿತ್ತು. ಬಾಯಿ ಮುಚ್ಚಿದೆ.

ಭಾನುವಾರ ಬೆಳಿಗ್ಗೆ ಮೀರಾಮಾರಿಗೆ ಹೋದೆವು. ಮಾಂಡವಿ ಕಡಲನ್ನು ಸೇರುವ ಅಳಿವೆ ಅದು. ಗಾಳಿಯ ಸಾಲುಮರಗಳನ್ನು ದಾಟಿ ಮರಳಿಗೆ ಬಂದೊಡನೆ ಮನೆಯವರು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ನಿಂತುಬಿಟ್ಟರು. ಮಕ್ಕಳು ಓಡಿದರು, ಮಗಳು ಕರೆದಳು, ಆಕೆ ಅಲುಗಲಿಲ್ಲ. ಬಹಳ ಹೊತ್ತಿನ ಮೇಲೆ ನಾಲ್ಕು ಹೆಜ್ಜೆ ಮುಂದೆ ಹೋಗಿ, ಅಲೆ ಬಂದು ಪಾದ ಮುಟ್ಟಿದಾಗ ಬೆಚ್ಚಿ ಹಿಂದೆ ಸರಿದರು. ಆಮೇಲೆ ಒಣಮರಳಿನಲ್ಲಿ ಕುಳಿತರು. ನಾನು ಪಕ್ಕದಲ್ಲಿ ಕುಳಿತೆ.

“ಇದು ರಾತ್ರಿನೂ ಹಿಂಗ ಬರತಿರತದೇನು?” ಎಂದು ಕೇಳಿದರು.

“ರಾತ್ರಿನೂ ಬರತದ.”

“ಯಾರೂ ಇಲ್ಲದಾಗ?”

ಹೌದೆಂದೆ. ಮೂವತ್ತು ವರ್ಷ ಭೂಗೋಲ ಕಲಿಸಿದ್ದೆ. ಉಬ್ಬರ ಇಳಿತಗಳ ಚಿತ್ರವನ್ನು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆನೋ. ಈ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಆಕೆ ನೆಲ ಅಗೆಯಲಿಲ್ಲ, ನೀರು ಚೆಲ್ಲಲಿಲ್ಲ, ಒಂದು ಎಲೆಯನ್ನೂ ಮುರಿಯಲಿಲ್ಲ. ಮೊಮ್ಮಗಳು ಆರಿಸಿ ತಂದ ಚಿಪ್ಪಿನೊಳಗೆ ಜೀವವಿದೆಯೇ ಎಂದು ಬಗ್ಗಿ ನೋಡಿ, ಇದೆಯೆಂದು ಕಂಡು ಅದನ್ನು ತಿರುಗಿ ನೀರಿಗೆ ಬಿಡಿಸಿದರು. ಬೆಳಗೊಳದ ಬೆಟ್ಟದ ಮೇಲೆ ಬಾಹುಬಲಿಸ್ವಾಮಿಯ ಮುಂದೆ ನಾನು ಗದ್ದಲದಲ್ಲಿ ನೂಕಿಸಿಕೊಳ್ಳುತ್ತ, ಚಪ್ಪಲಿಯ ಚಿಂತೆ ಮಾಡುತ್ತ, ತಿರುಗುವ ಬಸ್ಸಿನ ವೇಳೆ ಎಣಿಸುತ್ತ ನಿಂತಿದ್ದ ದಿನಗಳು ನೆನಪಾದವು. ಅದಕ್ಕೆ ಯಾತ್ರೆಯೆಂದು ಹೆಸರಿಟ್ಟಿದ್ದೆ.

ಹನ್ನೊಂದಾಯಿತು. ನಾನು ಗಡಿಯಾರ ನೋಡಿದ್ದು ಆಕೆಯ ಕಣ್ಣಿಗೆ ಬಿತ್ತು. ಇನ್ನೊಂದು ತಾಸು ಕೂಡುವ ಮನಸ್ಸು ಆಕೆಗಿತ್ತೆಂದು ಬಲ್ಲೆ. “ಏಳ್ರಿ, ಬಸದಿಗೆ ಹೋಗೂಣು. ಹೇಳಿ ಬಂದೀರಲ್ಲ” ಎಂದರು. ಹೇಳಿ ಬಂದೀರಲ್ಲ ಎಂಬಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಬಾಂದಿವಡೆಯಲ್ಲಿ ನಾಗೇಶ, ಮಹಾಲಕ್ಷ್ಮೀ ದೇವಾಲಯಗಳಿಗೆ ಜನ ಕಿಕ್ಕಿರಿದಿದ್ದರು. ಬಸದಿಯ ಕಡೆಗೆ ಯಾರೂ ಇರಲಿಲ್ಲ. ಮಾಡಿಲ್ಲದ ಜಂಬಿಟ್ಟಿಗೆಯ ಗೋಡೆಗಳು, ಸುತ್ತ ಹಸಿರು. ವಿಜಯನಗರದ ಕಾಲದಲ್ಲಿ ಇಲ್ಲಿ ನಮ್ಮವರ ನೆಲೆಯಿತ್ತು. ಈಗ ಪೂಜಿಸಲು ಬಿಂಬವಿಲ್ಲ, ಕೂಡಲು ಕಟ್ಟೆಯಿಲ್ಲ. ಣಮೋಕಾರ ಹೇಳಿ ಎಲ್ಲರ ಪರವಾಗಿ ನಮಸ್ಕರಿಸಿದೆ. ಆದರೆ ನಿಜವನ್ನೇ ಬರೆಯುವೆನಾದರೆ, ಆ ಇಪ್ಪತ್ತು ನಿಮಿಷ ನಾನು ನೋಡುತ್ತಿದ್ದುದು ಬಸದಿಯನ್ನಲ್ಲ. ಊರಿಗೆ ಹೋಗಿ ಏನು ಹೇಳಬೇಕೋ ಅದನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಗೋಡೆಯ ದಪ್ಪ ಅಳೆಯಲು ಗೇಣು ಹಾಕಿದ್ದೂ ಅದಕ್ಕೇ.

ಮುಂದಿನ ಭಾನುವಾರ ಬಸದಿಯಲ್ಲಿ ಹದಿನೈದು ನಿಮಿಷ ಬಾಂದಿವಡೆಯ ಬಗ್ಗೆ ಮಾತನಾಡಿದೆ. ಮಾತು ಚೆನ್ನಾಗಿಯೇ ಬಂತು. ಹಿರಿಯರ ಕಣ್ಣು ತುಂಬಿದವು. ಇಂಥ ಕ್ಷೇತ್ರಗಳನ್ನು ಹುಡುಕಿಕೊಂಡು ಹೋಗುವವರು ಇನ್ನೂ ಇದ್ದಾರಲ್ಲ ಎಂದು ಒಬ್ಬರು ನನ್ನ ಕೈಹಿಡಿದರು. ಪಣಜಿಯ ಹೆಸರನ್ನು ನಾನು ಎತ್ತಲಿಲ್ಲ, ಯಾರೂ ಕೇಳಲಿಲ್ಲ. ಹೆಣ್ಣುಮಕ್ಕಳ ಸಾಲಿನಲ್ಲಿ ಮನೆಯವರು ತಲೆ ತಗ್ಗಿಸಿ ಕುಳಿತಿದ್ದರು. ಆಕೆಯ ಜೀವಮಾನದ ಒಂದು ಮುಂಜಾವನ್ನು ನಾನು ಮರೆಮಾಡಬೇಕಾದ ವಸ್ತುವಾಗಿ ಮಾಡಿದ್ದೆ. ಮನೆಗೆ ಬಂದಮೇಲೆ ಆಕೆ ಒಂದು ಮಾತೂ ಆಡಲಿಲ್ಲ. ನಾನೇ, “ತಪ್ಪಾತು” ಎಂದೆ. “ನನಗ್ಯಾಕ ಹೇಳತೀರಿ?” ಎಂದರು.

ಅದರ ಮುಂದಿನ ಭಾನುವಾರ ಎದ್ದುನಿಂತು ಉಳಿದದ್ದನ್ನು ಹೇಳಿದೆ. ಎರಡು ದಿನಗಳಲ್ಲಿ ಬಸದಿಗೆ ಸಂದದ್ದು ಇಪ್ಪತ್ತು ನಿಮಿಷ, ಮಿಕ್ಕದ್ದೆಲ್ಲ ಪಣಜಿಗೆ. ಹೋದದ್ದು ಸಮುದ್ರ ನೋಡಲು. ಸಭೆ ಸ್ತಬ್ಧವಾಯಿತು. ನನ್ನ ಕೈಹಿಡಿದಿದ್ದ ಹಿರಿಯರು ಅಂದಿನಿಂದ ನನ್ನೊಡನೆ ಮೊದಲಿನ ಸಲಿಗೆಯಿಂದ ಮಾತನಾಡುವುದಿಲ್ಲ, ಅದು ನ್ಯಾಯವೇ. ಒಬ್ಬ ತರುಣ, “ಹಂಗಾದ್ರ ಸರ್, ನಮಗ ಬೈದದ್ದು?” ಎಂದು ಕೇಳಿದ. ಕುಡಿತಕ್ಕೂ ಜೂಜಿಗೂ ಹೋದವರಿಗೆ ಹೇಳಿದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬರಿದೆ ಕಡಲು ನೋಡಲು ಹೋದವರ ಕ್ಷಮೆ ಕೇಳಿದೆ. ಯಾರು ಯಾವುದಕ್ಕೆ ಹೋಗಿದ್ದರೆಂದು ನಾನು ಎಂದೂ ವಿಚಾರಿಸಿರಲಿಲ್ಲ.

ಸಭೆ ಮುಗಿದಾಗ ಮನೆಯವರ ಸುತ್ತ ಹೆಂಗಸರು ನೆರೆದಿದ್ದರು. ಅಲೆ ಎಷ್ಟು ಎತ್ತರ, ಸಪ್ಪಳ ಎಷ್ಟು ದೂರದಿಂದ ಕೇಳಿಸುತ್ತದೆ, ಉಪ್ಪಿನ ವಾಸನೆ ಇರುತ್ತದೆಯೇ. ಅವರಲ್ಲಿ ಹೆಚ್ಚಿನವರು ಸಮುದ್ರವನ್ನು ಕಂಡಿರಲಿಲ್ಲವೆಂಬುದು ನನಗೆ ಅಂದೇ ತಿಳಿದದ್ದು. ಹದಿನೈದು ದಿನಗಳಲ್ಲಿ ಟ್ರಸ್ಟಿಗೆ ಹತ್ತೊಂಬತ್ತು ಸಹಿಗಳ ಒಂದು ಅರ್ಜಿ ಬಂತು: ತಮ್ಮ ಖರ್ಚಿನಲ್ಲಿಯೇ ಹೋಗುತ್ತೇವೆ, ಒಂದು ಬಸ್ಸಿನ ವ್ಯವಸ್ಥೆ ಮಾಡಿಕೊಡಬೇಕು ಎಂದು. ನಮ್ಮ ದಫ್ತರಿನಲ್ಲಿ ಇಂಥ ಅರ್ಜಿಗಳಿಗೆ ‘ಉದ್ದೇಶ’ ಎಂಬ ಅಂಕಣವೊಂದಿದೆ. ಬಾಂದಿವಡೆ ಬಸದಿ ದರ್ಶನ ಎಂದು ಬರೆದರೆ ಸಭೆಯಲ್ಲಿ ಸುಲಭವಾಗಿ ಮಂಜೂರಾದೀತೆಂದು ಸಹ ಟ್ರಸ್ಟಿಗಳೊಬ್ಬರು ಸೂಚಿಸಿದರು. ದಫ್ತರನ್ನು ಮನೆಗೆ ತಂದು, ಲೇಖಣಿ ಹಿಡಿದು ಕುಳಿತು, ಮನೆಯವರನ್ನು ಕೇಳಿದೆ. ಆಕೆ ಜೋಳ ಹಸನು ಮಾಡುತ್ತಿದ್ದರು. “ಸಮುದ್ರ ನೋಡಲಿಕ್ಕೆ ಅಂತ ಬರೀರಿ. ಬಸದಿಗೂ ಹೋಗತೀವಿ, ಅದನ್ನ ಕೆಳಗ ಬರೀರಿ” ಎಂದರು.

ಹಾಗೆಯೇ ಬರೆದಿದ್ದೇನೆ. ಟ್ರಸ್ಟಿನ ಸಭೆ ಬರುವ ತಿಂಗಳಿದೆ.