ಮೂರನೇ ನೆಗೆತ

ಮೊದಲ ಸಲ ಚಕ್ರ ತಾಗಿ ವಿಮಾನ ಮೇಲಕ್ಕೆ ಚಿಮ್ಮಿದಾಗ ನನಗೆ ಭಯವಾಗಲಿಲ್ಲ. ಸಣ್ಣ ವಿಮಾನ ಇಳಿಯುವುದೇ ಹೀಗಿರಬೇಕು ಅಂದುಕೊಂಡೆ. ಎಡಗಡೆ ಕೂತು ಹಾರಿಸುತ್ತಿದ್ದ ಗೆಳೆಯ ಹಿಡಿಯನ್ನು ಮುಂದಕ್ಕೆ ಒತ್ತಿದ. ಈ ಸಲ ಮುಂದಿನ ಚಕ್ರವೇ ಮೊದಲು ಬಡಿಯಿತು. ಇನ್ನೂ ಎತ್ತರಕ್ಕೆ ಎಗರಿದೆವು. ವೇಗ ಸಾಲದೆ ಎಚ್ಚರಿಕೆಯ ಹಾರ್ನ್ ಕೂಗತೊಡಗಿತು. ಮೂರನೇ ಸಲ ಬಿದ್ದಾಗ ಮುಂದಿನ ಚಕ್ರ ಮುರಿದು ಒಳಕ್ಕೆ ಮಡಚಿಕೊಂಡಿತು. ಪ್ರೊಪೆಲ್ಲರ್ ಟಾರಿಗೆ ಬಡಿಯುವ ಸದ್ದು, ನನ್ನ ಮುಖ ಮುಂದಿನ ಪ್ಯಾನೆಲ್ಲಿಗೆ ಅಪ್ಪಳಿಸಿದ್ದು, ಎರಡೂ ಒಟ್ಟಿಗೆ.

ಅದು ಕ್ಯಾಲಿಫೋರ್ನಿಯಾದ ಕಡಲತೀರದ ಪುಟ್ಟ ನಿಲ್ದಾಣ. ಭಾನುವಾರ ಊಟಕ್ಕೆಂದು ಹೊರಟಿದ್ದೆವು. ಗೆಳೆಯನ ಸ್ವಂತ ವಿಮಾನ 1960ರ ದಶಕದ್ದು. ಒಂದೇ ಎಂಜಿನ್, ನಾಲ್ಕು ಸೀಟು. ಸೊಂಟಕ್ಕೆ ಬೆಲ್ಟ್ ಇತ್ತು, ಭುಜಕ್ಕೆ ಇರಲಿಲ್ಲ.

ಮೂತಿ ನೆಲಕ್ಕೊರಗಿ ಉಜ್ಜುತ್ತಾ ಹೋಗಿ ನಿಂತಿತು. ಬಾಯಿ ತುಂಬ ರಕ್ತ. ಪೆಟ್ರೋಲ್ ಇರುವುದು ತಲೆಯ ಮೇಲಿನ ರೆಕ್ಕೆಗಳಲ್ಲಿ, ಅದು ನನಗೆ ಗೊತ್ತಿತ್ತು. ಗೆಳೆಯ ಇಂಧನದ ವಾಲ್ವ್ ಮುಚ್ಚಿ, ಸ್ವಿಚ್ಚುಗಳನ್ನೆಲ್ಲ ಆರಿಸಿ, "ಇಳಿಯೋ, ಬೇಗ ಇಳಿ!" ಎಂದು ಕಿರುಚಿದ. ಬಾಗಿಲಿನ ಹಿಡಿ ಸಿಗದೆ ತಡಕಾಡಿದ ಆ ಹೊತ್ತಿನಷ್ಟು ದೀರ್ಘವಾದದ್ದನ್ನು ನಾನು ಬದುಕಿನಲ್ಲಿ ಕಂಡಿಲ್ಲ. ಬೆಂಕಿ ಹತ್ತಲಿಲ್ಲ.

ಹಾರಾಟ ಕಲಿಸುವ ಹಿರಿಯರೊಬ್ಬರು ಆಮೇಲೆ ವಿವರಿಸಿದರು. ಪುಟಿದಾಗ ಮೂತಿಯನ್ನು ಕೆಳಗೆ ಒತ್ತಿದರೆ ಪ್ರತಿ ನೆಗೆತವೂ ಹಿಂದಿನದಕ್ಕಿಂತ ಜೋರಾಗುತ್ತದಂತೆ. ಜೋರಾಗಿ ಪುಟಿದರೆ ಇಳಿಯುವ ಆಸೆ ಬಿಟ್ಟು, ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟು ಮತ್ತೆ ಮೇಲೇರಬೇಕು. ಗೆಳೆಯನಿಗೂ ಇದು ಗೊತ್ತಿದ್ದದ್ದೇ. ಆದರೆ ನೆಲ ಎದುರಿಗೆ ಬರುವಾಗ ಕೈ ತಾನಾಗಿ ಹಿಡಿಯನ್ನು ಮುಂದಕ್ಕೆ ಒತ್ತಿಬಿಡುತ್ತದೆ. ಅವನ ಮೇಲೆ ನನಗೆ ಸಿಟ್ಟಿಲ್ಲ.

ನೋವಾದದ್ದು ಬೇರೆಯದಕ್ಕೆ. ನನ್ನ ಮೂಗಿನ ಮೂಳೆ ಮುರಿದಿತ್ತು. ವಾರಗಟ್ಟಲೆ ಬಾಯಲ್ಲಿ ಉಸಿರಾಡುತ್ತಾ, ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡಿದೆ. ಅಮೆರಿಕದ ನಿಯಮದಲ್ಲಿ ಮೂಳೆ ಮುರಿತ ಗಂಭೀರ ಗಾಯ. ಆದರೆ ಕೈಬೆರಳು, ಕಾಲ್ಬೆರಳು, ಮೂಗಿನ ಸಾಧಾರಣ ಮುರಿತವನ್ನು ಅದರಿಂದ ಹೊರಗಿಟ್ಟಿದ್ದಾರೆ. ಚಕ್ರದ ಕಾಲು ಮುರಿದರೂ, ಪ್ರೊಪೆಲ್ಲರ್ ನೆಲಕ್ಕೆ ಬಡಿದು ಸೊಟ್ಟಗಾದರೂ ಅದು ಭಾರೀ ಹಾನಿಯಲ್ಲ. ಹಾಗಾಗಿ ನಮಗಾದದ್ದು ಕಾನೂನಿನ ಲೆಕ್ಕದಲ್ಲಿ ಅಪಘಾತವೇ ಅಲ್ಲ. ಎಲ್ಲ ಸಣ್ಣಪುಟ್ಟದ್ದನ್ನೂ ತನಿಖೆ ಮಾಡಲಾಗದು, ಒಪ್ಪುತ್ತೇನೆ. ಆದರೆ ಭುಜದ ಬೆಲ್ಟ್ ಇಲ್ಲದೆ ಒಬ್ಬನ ಮುಖ ಒಡೆಯಿತು ಅನ್ನುವುದು ಯಾವ ಅಂಕಿಅಂಶಕ್ಕೂ ಸೇರದೆ ಹೋಯಿತಲ್ಲ!

1978ರ ಜುಲೈ 18ರ ನಂತರ ತಯಾರಾದ ಸಣ್ಣ ವಿಮಾನಗಳ ಮುಂದಿನ ಸೀಟುಗಳಿಗೆ ಅಲ್ಲಿ ಭುಜದ ಬೆಲ್ಟ್ ಕಡ್ಡಾಯ. ಅದಕ್ಕೂ ಹಳೆಯವು ಇಂದಿಗೂ ಹಾರುತ್ತಿವೆ. ಹಾಕಿಸುವುದು ಬಿಡುವುದು ಮಾಲೀಕನ ಇಷ್ಟ.

ಪ್ರೊಪೆಲ್ಲರ್ ಬಡಿದಿದ್ದರಿಂದ ಎಂಜಿನ್ ಪೂರ್ತಿ ಬಿಚ್ಚಿ ಪರೀಕ್ಷಿಸಬೇಕಾಯಿತು. ಅದೇ ಹೊತ್ತಿಗೆ ಗೆಳೆಯ ಮುಂದಿನ ಎರಡು ಸೀಟಿಗೂ ಭುಜದ ಬೆಲ್ಟ್ ಹಾಕಿಸಿದ. ಈಗ ಸಣ್ಣ ವಿಮಾನಕ್ಕೆ ಯಾರೇ ಕರೆಯಲಿ, ಮೊದಲು ಅದನ್ನೇ ಕೇಳುತ್ತೇನೆ. ಇಲ್ಲ ಅಂದರೆ ಹತ್ತುವುದಿಲ್ಲ. ಬೇಸರ ಮಾಡಿಕೊಂಡವರೂ ಇದ್ದಾರೆ.