ಬೂದಿ ಬಣ್ಣದ ಮುಂಡು

ಜೂನ್ 8, 2024, ಶನಿವಾರ, ಪಾಲಾರಿವಟ್ಟಂ, ಕೊಚ್ಚಿ

ಅಣ್ಣನ ಹಳೇ ಕ್ಯಾನನ್ 1500ಡಿ ಮಂಗಳೂರಿನಿಂದ ಬಂದು ಮುಟ್ಟಿತು. ಅದನ್ನು ಅವನದೇ ಹರಿದ ಶರ್ಟಿನಲ್ಲಿ ಸುತ್ತಿ ಕಳಿಸಿದ್ದಾನೆ. ಎಸಿ ರೂಮಿನಿಂದ ನೇರ ತಾರಸಿಗೆ ಒಯ್ದೆ. ಲೆನ್ಸು ಪೂರ್ತಿ ಮಂಜು. ಒರೆಸಿದೆ, ಮತ್ತೆ ಮಂಜು.

ಕೆಳಗೆ ಸ್ಟುಡಿಯೋ ಇಟ್ಟಿರುವ ಚೇಟ್ಟನ್ ನೋಡಿ, "ಒರೆಸಬೇಡ ಮೋಳೇ, ಚೀಲದೊಳಗೇ ಇಟ್ಟು ಅರ್ಧ ಗಂಟೆ ಹೊರಗೆ ಬಿಡು, ಸೆಕೆಗೆ ಒಗ್ಗಲಿ" ಎಂದರು. ಮಳೆಗಾಲ ಮುಗಿಯುವವರೆಗೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಬೇಕಂತೆ, ಇಲ್ಲದಿದ್ದರೆ ಲೆನ್ಸಿನೊಳಗೆ ಬೂಷ್ಟು. ನನ್ನ ಕುಂಬಳೆಯ ಮಲಯಾಳಂ ಕೇಳಿ ನಕ್ಕರು. ನಗಲಿ, ಪಾಠ ಪುಕ್ಕಟೆ.

ಜೂನ್ 13, ಗುರುವಾರ

ಚೇಟ್ಟನ್ ಹೊಸ ಬಿಳಿ ಮುಂಡು ಉಟ್ಟಿದ್ದರು. ಬಿಳಿ ಗೋಡೆಗೆ ಒರಗಿಸಿ ನಿಲ್ಲಿಸಿ ತೆಗೆದೆ. ಚಿತ್ರದಲ್ಲಿ ಮುಂಡು ಒಲೆಯ ಬೂದಿಯ ಬಣ್ಣ. ಕ್ಯಾಮೆರಾ ಕೆಟ್ಟಿದೆ ಎಂದೇ ಅಂದುಕೊಂಡೆ. ಮೆಟ್ಟಿಲ ಮೇಲಿನ ಕರಿ ಬೆಕ್ಕನ್ನು ಹತ್ತಿರದಿಂದ ತೆಗೆದರೆ ಅದೂ ಬೂದಿ!

ಕ್ಯಾಮೆರಾದೊಳಗಿನ ಬೆಳಕಿನ ಮೀಟರಿಗೆ ಮುಂಡೂ ಗೊತ್ತಿಲ್ಲ, ಬೆಕ್ಕೂ ಗೊತ್ತಿಲ್ಲ. ಎದುರಿಗೆ ಏನೇ ಬರಲಿ, ನಡು ಬೂದಿ ಎಂದೇ ಲೆಕ್ಕ ಹಾಕಿ ಬೆಳಕು ಅಳೆಯುತ್ತದೆ. ಬಿಳಿಯದಕ್ಕೆ ಬೆಳಕು ಹೆಚ್ಚು ಬಿಡು, ಕರಿಯದಕ್ಕೆ ಕಡಿಮೆ ಬಿಡು ಎಂದು ನಾವೇ ಹೇಳಬೇಕು. ನಾನು ಇದರ ಉಲ್ಟಾ ಅಂದುಕೊಂಡಿದ್ದೆ. ಎವಿ ಗುಂಡಿ ಒತ್ತಿ ಹಿಡಿದು ಚಕ್ರ ತಿರುಗಿಸಿ +1ಕ್ಕೆ ತಂದೆ. ಮುಂಡು ಬೆಳ್ಳಗಾಯಿತು. ಬೆಕ್ಕಿಗೆ −1 ಇಡುವಷ್ಟರಲ್ಲಿ ಅದು ಎದ್ದು ಹೋಗಿತ್ತು.

ಜೂನ್ 22, ಶನಿವಾರ

ರಾತ್ರಿ ತಾರಸಿಯಿಂದ ಮೇಲ್ಸೇತುವೆಯನ್ನು ತೆಗೆದೆ. 2016ರಲ್ಲಿ ತೆರೆದು, 2019ರಲ್ಲಿ ಮುಚ್ಚಿ, ಕೆಡವಿ ಕಟ್ಟಿ, 2021ರ ಮಾರ್ಚಿನಲ್ಲಿ ಮತ್ತೆ ಬಿಟ್ಟ ಸೇತುವೆ. ಆಟೋದವರು ಇವತ್ತಿಗೂ ಅದರ ಕತೆ ಹೇಳದೆ ಇಳಿಸುವುದಿಲ್ಲ.

ಕೈಯಲ್ಲೇ ಹಿಡಿದು ತೆಗೆದದ್ದೆಲ್ಲ ಅಲುಗಾಡಿತು. ಟ್ರೈಪಾಡ್ ಇಲ್ಲ. ಎರಡು ಕಿಲೋ ಮಟ್ಟ ಅಕ್ಕಿಯ ಚೀಲವನ್ನು ಕಟ್ಟೆಯ ಮೇಲಿಟ್ಟು, ನಡುವೆ ಗುಳಿ ಮಾಡಿ ಕ್ಯಾಮೆರಾ ಕೂರಿಸಿದೆ. ಐಎಸ್‌ಓ 100, ಅಪರ್ಚರ್ ಎಫ್ 11, ಶಟರ್ 10 ಸೆಕೆಂಡು. ಬೆರಳಿನ ಅದುರು ತಾಗದಿರಲಿ ಎಂದು 2 ಸೆಕೆಂಡಿನ ಟೈಮರ್. ಕಾರು, ಬಸ್ಸು ಒಂದೂ ಕಾಣಿಸಲಿಲ್ಲ. ಹೋಗುವ ಕಡೆ ಕೆಂಪು ಗೆರೆ, ಬರುವ ಕಡೆ ಬಿಳಿ ಗೆರೆ. ಇಳಿಯುವಾಗ ಮೆಟ್ಟಿಲ ಕತ್ತಲಲ್ಲಿ ಬೆಕ್ಕು ಸಿಕ್ಕಿತು. ಐಎಸ್‌ಓ 6400ಕ್ಕೆ ಏರಿಸಿ ಅದನ್ನೂ ತೆಗೆದೆ. ರವೆ ಚೆಲ್ಲಿದ ಹಾಗೆ ಕಾಳು ಕಾಳು.

ಜೂನ್ 23, ಭಾನುವಾರ

ಆ 6400 ಇಳಿಸಲು ಮರೆತೆ.

ಹೈಕೋರ್ಟ್ ಜೆಟ್ಟಿಯಿಂದ ವಾಟರ್ ಮೆಟ್ರೋದಲ್ಲಿ ಫೋರ್ಟ್ ಕೊಚ್ಚಿಗೆ ಹೋದೆ. ಮಳೆ ಬಿಟ್ಟು ಬಿಸಿಲು ಚುರುಕಾಗಿತ್ತು. ಚೀನೀ ಬಲೆಯವರು ಹಗ್ಗ ಜಗ್ಗಿದರು, ಕಲ್ಲುಗಳು ಕೆಳಗಿಳಿದವು, ಬಲೆ ನೀರಿನಿಂದ ಮೇಲೆದ್ದಿತು. ಎಫ್ 5.6 ಇಟ್ಟು ಒತ್ತಿದ್ದೇ ಒತ್ತಿದ್ದು. ವ್ಯೂಫೈಂಡರಿನೊಳಗೆ 4000 ಎಂಬ ಅಂಕಿ ಮಿಣುಕುತ್ತಲೇ ಇತ್ತು. ಶಟರನ್ನು ಇದಕ್ಕಿಂತ ಚುರುಕಾಗಿಸಲು ನನ್ನಿಂದಾಗದು ಎಂದು ಪಾಪದ ಕ್ಯಾಮೆರಾ ಹೇಳುತ್ತಿದ್ದದ್ದು ಮನೆಗೆ ಬಂದ ಮೇಲೆ ತಿಳಿಯಿತು. 63 ಚಿತ್ರಗಳಲ್ಲಿ ಆಕಾಶವಿಲ್ಲ, ನೀರಿಲ್ಲ, ಬರೀ ಸುಣ್ಣ. ಇನ್ನು ಚೀಲದಿಂದ ತೆಗೆದೊಡನೆ ಮೊದಲು ಐಎಸ್‌ಓ ನೋಡುವುದು.

ಜುಲೈ 9, ಮಂಗಳವಾರ

ಚೇಟ್ಟನ್ ಇವತ್ತು ಮಾತು ಕಡಿಮೆ. ಮಲಯಾಳ ಮನೋರಮಾ ಪತ್ರಿಕೆಯ ಛಾಯಾಗ್ರಾಹಕ ವಿಕ್ಟರ್ ಜಾರ್ಜ್ ಹೋದ ದಿನ. 2001ರಲ್ಲಿ ಇಡುಕ್ಕಿಯ ವೆನ್ನಿಯಾನಿಯಲ್ಲಿ ಮಳೆಯ ಅನಾಹುತದ ಚಿತ್ರ ತೆಗೆಯಲು ಹೋದವರು ಗುಡ್ಡ ಕುಸಿದು ತೀರಿಕೊಂಡರು. ಮಳೆಯನ್ನು ವರ್ಷಗಟ್ಟಲೆ ಹಿಂಬಾಲಿಸಿದ ಮನುಷ್ಯ.

ಸಂಜೆ ಜೋರು ಮಳೆ. ಬಾಗಿಲ ಒಳಗೇ ನಿಂತು ತೆಗೆದೆ. ಬಿಳಿ ಆಕಾಶದೆದುರು ಮಳೆ ಕಾಣಿಸುವುದೇ ಇಲ್ಲ. ಹಿಂದೆ ಕಪ್ಪು ಬೇಕು. ಹಲಸಿನ ಮರದ ಕಡೆ ತಿರುಗಿಸಿದೆ. 1/1000ರಲ್ಲಿ ಹನಿಗಳು ನಿಂತವು, ಧೂಳಿನ ಚುಕ್ಕಿಯಂತೆ. 1/60ಕ್ಕೆ ಇಳಿಸಿ ಉಸಿರು ಬಿಗಿಹಿಡಿದೆ. ನೂಲು ನೂಲಾಗಿ ಇಳಿಯಿತು. ನಲವತ್ತೊಂದರಲ್ಲಿ ಒಂದು ಚೆನ್ನಾಗಿದೆ.

ಅಮ್ಮನಿಗೆ ಕಳಿಸಿದೆ. ಕೂಡಲೇ ಫೋನು: "ಮೂಲೆಯಲ್ಲಿ ಹಗ್ಗದ ಮೇಲೆ ಕಾಣುವುದು ನಿನ್ನ ಚೂಡಿದಾರ ಅಲ್ಲವಾ? ಒಳಗೆ ತರಲಿಲ್ಲವಾ?"