ಮೂರರಲ್ಲಿ ಎರಡು, ಅರವತ್ತು ಸೆಕೆಂಡು

ಮೊನ್ನೆ ಹೊಳೆನರಸೀಪುರದಿಂದ ನಮ್ಮ ನಾದಿನಿ ಫೋನ್ ಮಾಡಿದ್ಳು. ಹಿಂದ್ಗಡೆ ಒಂದೇ ಗಲಾಟೆ, ಒಬ್ಬ ಅಳ್ತಾವ್ನೆ, ಇನ್ನೊಬ್ಬ ಕಿರುಚ್ತಾವ್ನೆ. "ಏನೇ ಅದು?" ಅಂದೆ. "ಮೊಮ್ಮಕ್ಕಳು ಅತ್ತಿಗೆ, ರಜಕ್ಕೆ ಬಂದವೆ. ಟಿವಿಗೆ ಅದೇನೋ ಸಿಗಿಸ್ಕೊಂಡು ಹೊಡೆದಾಡೋ ಗೇಮ್ ಆಡ್ತವೆ. ಟಿವಿ ಒಳಗೆ ಹೊಡೆದಾಡಿದ್ದು ಸಾಲ್ದು ಅಂತ ಆಮೇಲೆ ಹೊರಗೂ ಹೊಡೆದಾಡ್ತವೆ. ನೀವು ಎರಡು ಗಂಡುಮಕ್ಕಳನ್ನ ಹೆಂಗೆ ಸುಧಾರಿಸಿದ್ರೋ" ಅಂದ್ಳು.

"ರೌಂಡು ಎಷ್ಟಕ್ಕಿಟ್ಟವೆ? ಟೈಮ್ ಎಷ್ಟಕ್ಕಿಟ್ಟವೆ?" ಅಂತ ಕೇಳಿದೆ.

ಆ ಕಡೆ ಒಂದು ಗಳಿಗೆ ಮಾತೇ ಇಲ್ಲ. "ಅಯ್ಯೋ ಅತ್ತಿಗೆ, ಅದೆಲ್ಲಾ ನಿಮಗೆ ಹೆಂಗೆ ಗೊತ್ತು?" ಅಂತ ನಗಾಡಿದ್ಳು. "ಉಪ್ಪಿನಕಾಯಿ, ಹಪ್ಪಳ, ಬಾಣಂತಿ ಖಾರ ಎಲ್ಲಾ ಬರೀತೀರಲ್ಲ, ಇದನ್ನೂ ಒಸಿ ಬರೀರಿ" ಅಂದ್ಳು. ಅದಕ್ಕೇ ಇದು. ಮನೇಲಿ ಇಬ್ಬರು ಗಂಡುಹುಡುಗ್ರು ಇರೋರು ಓದ್ರಿ, ಮಿಕ್ಕೋರು ಬೇಕಾದ್ರೆ ಓದ್ರಿ.

2006ರ ಫೆಬ್ರವರಿ. ನಮ್ಮ ಬೆಳಗೊಳದೋರ್ಗೆ ವರ್ಷ ಹೇಳಿದ್ರೆ ಸಾಕು, ಮಹಾಮಸ್ತಕಾಭಿಷೇಕ ಅಂತ ಗೊತ್ತಾಗುತ್ತೆ. ನಮ್ಮನೇಲಿ ಆಗ ದಿನಾ ಹದಿನೈದು ಇಪ್ಪತ್ತು ಎಲೆ. ಬೆಂಗಳೂರಿಂದ ಬಂದಿದ್ದ ನಮ್ಮೆಜಮಾನ್ರ ಚಿಕ್ಕಪ್ಪನ ಮಗ, ತನ್ನ ಮಕ್ಕಳು ಆಡಿ ಬೇಜಾರಾಗಿ ಬಿಟ್ಟಿದ್ದ ಪ್ಲೇಸ್ಟೇಷನ್ ತಂದು ನಮ್ಮ ಹುಡುಗ್ರ ಕೈಗೆ ಕೊಟ್ಟ. ಬೂದು ಬಣ್ಣದ ಡಬ್ಬ, ಎರಡು ಹ್ಯಾಂಡ್ಲು, ಒಂದಿಷ್ಟು ಸೀಡಿ. ಸೀಡಿಗಳಲ್ಲಿ ಗೀರು ಬೀಳದೆ ಉಳಿದಿದ್ದು ಒಂದೇ, ಟೆಕೆನ್ 3. ಜಪಾನಿನ ನಾಮ್ಕೋ ಕಂಪನಿಯೋರು 1997ರಲ್ಲಿ ಕಾಸು ಹಾಕಿ ಆಡೋ ಮಿಷನ್‌ಗೆ ಅಂತ ಮಾಡಿ, 1998ರಲ್ಲಿ ಮನೆ ಟಿವಿಗೆ ತಂದ ಆಟ ಅದು. ನಮ್ಮನೆಗೆ ಬರೋ ಹೊತ್ತಿಗೆ ಹಳೇದಾಗಿತ್ತು. ಆದ್ರೆ ನಮ್ಮ ಹುಡುಗ್ರಿಗೇನು, ಹೊಸದೇ. ದೊಡ್ಡೋನಿಗೆ ಆಗ ಹದಿಮೂರು, ಚಿಕ್ಕೋನಿಗೆ ಹತ್ತು.

ಆಟ ಏನು ಅಂತ ಗೊತ್ತಿಲ್ಲದೋರಿಗೆ ಹೇಳ್ತೀನಿ. ಇಬ್ಬರು ಎದುರುಬದುರು ನಿಲ್ತಾರೆ. ಮೇಲ್ಗಡೆ ಒಬ್ಬೊಬ್ಬರಿಗೆ ಒಂದೊಂದು ಉದ್ದದ ಪಟ್ಟಿ ಇರುತ್ತೆ, ಅದು ಅವರ ಜೀವ. ಏಟು ಬಿದ್ದಂಗೆಲ್ಲಾ ಪಟ್ಟಿ ಕರಗುತ್ತೆ. ಎರಡು ಪಟ್ಟಿ ನಡುವೆ ಒಂದು ಅಂಕಿ, ಅದು ಇಳೀತಾ ಬರುತ್ತೆ. ಪಟ್ಟಿ ಪೂರ್ತಿ ಖಾಲಿಯಾದೋನು ಬಿದ್ದ, ಒಂದು ರೌಂಡು ಹೋಯ್ತು. ಯಾರೂ ಬೀಳದೆ ಅಂಕಿ ಸೊನ್ನೆಗೆ ಬಂದ್ರೆ, ಯಾರ ಪಟ್ಟಿ ಒಂದು ಕೂದಲೆಳೆ ಜಾಸ್ತಿ ಉಳಿದಿದ್ಯೋ ಅವನು ಗೆದ್ದಂಗೆ. ಈ ಕೊನೇ ಮಾತು ನೆನಪಿಟ್ಕೊಳ್ಳಿ.

ಎಷ್ಟು ರೌಂಡು ಗೆದ್ರೆ ಗೆಲುವು, ಒಂದು ರೌಂಡಿಗೆ ಎಷ್ಟು ಟೈಮು, ಎರಡನ್ನೂ ಆಡೋರೇ ಮೊದಲು ಗೊತ್ತು ಮಾಡ್ಕೋಬಹುದು. ಟೈಮೇ ಬೇಡ ಅಂದ್ರೆ ಅದಕ್ಕೂ ಒಂದು ಗುರುತೈತೆ, ಇಂಗ್ಲಿಷ್ ಎಂಟನ್ನ ಅಡ್ಡಡ್ಡ ಮಲಗಿಸಿದಂಗೆ. ನಮ್ಮನೇಲಿ ಜಗಳ ಶುರುವಾಗ್ತಿದ್ದಿದ್ದು ಅಲ್ಲೇ. ಆಟ ಇನ್ನೂ ಶುರುವೇ ಆಗಿರಲ್ಲ, ಇವರಿಬ್ಬರದು ಶುರುವಾಗಿರೋದು.

ದೊಡ್ಡೋನಿಗೆ ಮಲಗಿದ ಎಂಟೇ ಬೇಕು. ಅವನು ಯಾವಾಗ್ಲೂ ತಗೋತಿದ್ದಿದ್ದು ಕಿಂಗ್ ಅಂತ, ಚಿರತೆ ಮುಖವಾಡ ಹಾಕ್ಕೊಂಡ ಕುಸ್ತಿಯೋನು. ನಿಧಾನಸ್ಥ. ಹತ್ರಕ್ಕೆ ಬರೋವರ್ಗೂ ಕಾಯ್ತಾನೆ, ಬಂದ ಅಂದ್ರೆ ಹಿಡಿದು ಎತ್ತಿ ಒಗೀತಾನೆ. ನಮ್ಮ ದೊಡ್ಡೋನ ಸ್ವಭಾವವೇ ಅದು, ಊಟಕ್ಕೆ ಕೂತ್ರೂ ಮುಕ್ಕಾಲು ಗಂಟೆ. ಚಿಕ್ಕೋನು ತಗೋತಿದ್ದಿದ್ದು ಎಡ್ಡಿ, ಬ್ರೆಜಿಲ್ ದೇಶದೋನು, ಕೈ ನೆಲಕ್ಕೂರಿ ಕಾಲು ಮೇಲೆ ಮಾಡಿ ಕುಣೀತಾ ಒದೆಯೋನು. ಅವನಿಗೆ ಬುದ್ಧಿ ಬೇಡ, ಒದೆಯೋ ಬಟನ್ ಎರಡನ್ನೂ ಬಡೀತಾ ಇದ್ರೆ ಸಾಕು, ಏನೋ ಒಂದು ಆಗುತ್ತೆ ಅಂತ ದೊಡ್ಡೋನು ಹಂಗಿಸೋನು. ಚಿಕ್ಕೋನಿಗೆ ಟೈಮ್ ಕಮ್ಮಿ ಇದ್ದಷ್ಟೂ ಒಳ್ಳೇದು.

ಒಂದೇ ರೌಂಡಿಗೆ ಮುಗಿಸಿ ಅಂದೆ ಮೊದಲು. ಅದನ್ನ ಇವರು ಚನ್ನರಾಯಪಟ್ಟಣದ ವಿಡಿಯೋ ಗೇಮ್ ಅಂಗಡೀಲಿ ನೋಡ್ಕೊಂಡು ಬಂದಿದ್ರು. ಅಲ್ಲಿ ಒಂದೇ ರೌಂಡು, ಸೋತೋನು ಹ್ಯಾಂಡ್ಲು ಕೊಟ್ಟು ಎದ್ದೇಳಬೇಕು, ಗೆದ್ದೋನು ಕೂತೇ ಇರ್ತಾನೆ. ಹಿಂದೆ ಹತ್ತು ಹುಡುಗ್ರು ಕಾಯ್ತಿರ್ತಾರಲ್ಲ. ಕಾಸು ಹಾಕೋ ಮಿಷನ್‌ನೋರಿಗಂತೂ ಟೈಮ್ ಇರಲೇಬೇಕು. ಇಬ್ಬರು ಎರಡು ರೂಪಾಯಿಗೆ ಸಂಜೆವರ್ಗೂ ಒಬ್ಬರ ಮುಖ ಒಬ್ಬರು ನೋಡ್ತಾ ನಿಂತ್ರೆ ಅಂಗಡಿಯೋನ ಗತಿ ಏನು? ಟೈಮ್ ಅನ್ನೋದು ಈ ಆಟಕ್ಕೆ ಬಂದಿದ್ದೇ ವ್ಯಾಪಾರಕ್ಕೆ ಅಂತ ನನಗನ್ನಿಸುತ್ತೆ.

ಮನೇಲಿ ಒಂದು ರೌಂಡು ನಡೀಲಿಲ್ಲ. ಒಂದರಲ್ಲಿ ಅದೃಷ್ಟ ಜಾಸ್ತಿ. ಸೋತೋನು "ಕೈ ಜಾರ್ತು, ಇದು ಲೆಕ್ಕಕ್ಕಿಲ್ಲ" ಅಂತಾನೆ. ಐದರಲ್ಲಿ ಮೂರು ಇಟ್ರೆ ಚೆನ್ನಾಗಿ ಆಡೋನೇ ಗೆಲ್ಲೋದು, ನಿಜ. ಟೆಕೆನ್ ಆಟದ ದೊಡ್ಡ ದೊಡ್ಡ ಪಂದ್ಯದಲ್ಲಿ ಈಗ್ಲೂ ಹಂಗೇ ಅಂತೆ, ಮೂರು ರೌಂಡು ಮೊದಲು ಗೆದ್ದೋನು, ಒಂದೊಂದಕ್ಕೆ ಅರವತ್ತು ಸೆಕೆಂಡು. ಸ್ಟ್ರೀಟ್ ಫೈಟರ್ ಅಂತ ಇನ್ನೊಂದು ಆಟ ಐತೆ, 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ಏಷ್ಯನ್ ಗೇಮ್ಸ್ ನಡೀತಲ್ಲ, ಅದರಲ್ಲಿ ಮೆಡಲ್ಲಿಗೇ ಇಟ್ಟಿದ್ರು. ಅದರಲ್ಲಿ ಎರಡು ಗೆದ್ರೆ ಸಾಕು, ಆದ್ರೆ ಟೈಮು ತೊಂಬತ್ತೊಂಬತ್ತರಿಂದ ಇಳಿಯುತ್ತೆ. ಮೊದಲ ರೌಂಡು ಎದುರಾಳಿ ಚಾಳಿ ನೋಡ್ಕೊಳ್ಳೋಕೆ, ಅದಕ್ಕೇ ಒಂದು ಸಾಲಲ್ಲ ಅಂತ ದೊಡ್ಡೋನು ವಿವರಿಸ್ತಾನೆ. ಸರಿಯಪ್ಪ, ಆದ್ರೆ ಹತ್ತು ವರ್ಷದೋನು ಮೂರು ಸಲ ಸೋತು ಅಳೋದನ್ನ ಸಮಾಧಾನ ಮಾಡೋಳು ನಾನಲ್ವಾ?

ಅದಕ್ಕೆ ನಾನು ಒಂದಿನ ಹಿಟ್ಟಿನ ಕೈಲೇ ಬಂದು ಗೊತ್ತು ಮಾಡಿದೆ. ಮೂರರಲ್ಲಿ ಎರಡು, ಅರವತ್ತು ಸೆಕೆಂಡು. ಹೆಂಗೂ ಮೂರು ನಿಮಿಷ, ನಡುವಿನ ಕುಣಿತ ಸೇರಿ ನಾಲ್ಕು. ಮುದ್ದೆ ತೊಳಸಿ ಕಟ್ಟೋಷ್ಟ್ರಲ್ಲಿ ಒಂದು ಪಂದ್ಯ. ಟಿವಿ ಸ್ಟ್ಯಾಂಡಿನ ಪಕ್ಕ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದೂ ಬಿಟ್ಟೆ. ಸೋತ ಮೇಲೆ ಯಾರೂ ಬದಲಾಯಿಸೋ ಹಂಗಿಲ್ಲ, ಕರೆಂಟ್ ಹೋದ್ರೆ ಆ ಪಂದ್ಯ ರದ್ದು. ಈ ಎರಡನೇ ಕಾನೂನು ಮಾಡಿ ಕೆಟ್ಟೆ. ಚಿಕ್ಕೋನು ಸೋಲೋ ಹೊತ್ತಿಗೆ ಸರ್ಯಾಗಿ ನಮ್ಮನೇಗೊಂದಕ್ಕೇ ಕರೆಂಟ್ ಹೋಗ್ತಿತ್ತು. ಪಕ್ಕದ ಮನೇಲಿ ಟಿವಿ ಓಡ್ತಿರೋದು ಕೇಳಿಸಿದ ಮೇಲೆ ಗೊತ್ತಾಯ್ತು, ಕಾಲ್ಬೆರಳಲ್ಲಿ ಸ್ವಿಚ್ ಆರಿಸ್ತಾವ್ನೆ ಅಂತ.

ನಮ್ಮತ್ತೆ ಇದ್ದಾಗ ಇದನ್ನೆಲ್ಲಾ ನೋಡಿ ನಗೋರು. ಅವರ ತವರು ಅರಕಲಗೂಡು ಕಡೆ, ಅವರಪ್ಪ ಕುಸ್ತಿ ಅಂದ್ರೆ ಪ್ರಾಣ ಬಿಡೋರಂತೆ. "ಜಾತ್ರೆ ಕುಸ್ತೀಲಿ ಗಡಿಯಾರ ಎಲ್ಲಿತ್ತು? ಬೆನ್ನು ಮಣ್ಣಿಗೆ ತಾಗಬೇಕು, ಆಗ್ಲೇ ಚಿತ್ತು" ಅನ್ನೋರು. ಈಗಿನ ಮ್ಯಾಟ್ ಮೇಲಿನ ಕುಸ್ತೀಲಿ ಮೂರು ನಿಮಿಷದ ಎರಡು ಸುತ್ತು, ನಡುವೆ ಮೂವತ್ತು ಸೆಕೆಂಡು ಬಿಡುವು, ಪಾಯಿಂಟ್ ಲೆಕ್ಕ. ಮೈಸೂರು ಅರಮನೇಲಿ ದಸರಾಕ್ಕೆ ಆಡೋ ವಜ್ರಮುಷ್ಟಿ ಕಾಳಗಕ್ಕೆ ರೌಂಡೂ ಇಲ್ಲ ಗಡಿಯಾರಾನೂ ಇಲ್ಲ. ಒಬ್ಬನ ನೆತ್ತೀಲಿ ರಕ್ತ ಕಂಡ್ರೆ ಮುಗೀತು. ಕೆಲವು ಸಲ ಕಣ್ಣು ಮಿಟುಕಿಸೋದ್ರೊಳಗೆ.

ಇನ್ನು ನಮ್ಮೂರಲ್ಲಿದ್ದು ಬಾಹುಬಲಿ ಮಾತು ಬರದೇ ಇರುತ್ತಾ? ಅಣ್ಣ ಭರತ, ತಮ್ಮ ಬಾಹುಬಲಿ. ಸೈನ್ಯ ಸುಮ್ಮನೆ ಸಾಯೋದು ಬೇಡ, ಅಣ್ಣತಮ್ಮಂದಿರೇ ತೀರ್ಮಾನ ಮಾಡ್ಕೊಳ್ಳಿ ಅಂತ ಮಂತ್ರಿಗಳು ಮೊದಲೇ ನಿಯಮ ಇಟ್ರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರು ರೌಂಡು, ಟೈಮ್ ಇಲ್ಲ. ಯಾರು ಮೊದಲು ರೆಪ್ಪೆ ಬಡೀತಾರೋ ಅವರು ಸೋತಂಗೆ. ಬಾಹುಬಲಿ ಎತ್ತರದೋನು, ಭರತ ತಲೆ ಎತ್ತಿ ನೋಡಬೇಕು, ಕಣ್ಣು ಸೋಲದೆ ಇರುತ್ತಾ? ಮೂರರಲ್ಲಿ ಮೂರೂ ತಮ್ಮನೇ ಗೆದ್ದ. ಬೆಟ್ಟದ ಮೇಲೆ ಐವತ್ತೆಂಟು ಅಡಿ ನಿಂತಿರೋದು ಆ ತಮ್ಮನೇ.

ನಮ್ಮ ಚಿಕ್ಕೋನು ಇದನ್ನ ಸ್ಕೂಲಲ್ಲಿ ಕೇಳ್ಕೊಂಡು ಬಂದು "ನಾನೇ ಬಾಹುಬಲಿ" ಅಂತ ಎದೆ ತಟ್ಕೊಂಡ. ಅದಕ್ಕೆ ದೊಡ್ಡೋನು, "ಬಾಹುಬಲಿ ಗೆದ್ದ ಮೇಲೆ ರಾಜ್ಯಾನೇ ಬಿಟ್ಟು ಹೋದ ಕಣ್ಲಾ. ನೀನು ಹ್ಯಾಂಡ್ಲೂ ಬಿಡಲ್ಲ" ಅಂದ. ನಮ್ಮತ್ತೆ ನಕ್ಕು ನಕ್ಕು ಎಲೆಅಡಿಕೆ ಉಗುಳೋಕೆ ಎದ್ದೋದ್ರು.

ಹಿಂಗೇ ನಾಲ್ಕೈದು ವರ್ಷ ನಡೀತು. ಆಮೇಲೆ ಡಬ್ಬ ಕೆಟ್ಟೋಯ್ತು, ದೊಡ್ಡೋನು ಓದೋಕೆ ಹೋದ, ಗೋಡೆಗೆ ಸುಣ್ಣ ಹೊಡೆಸಿದ್ವಿ. ಇಬ್ಬರಿಗೂ ಸರಿಯಾದ ನ್ಯಾಯ ಮಾಡಿದ್ದೆ ಅಂತ್ಲೇ ನಾನು ಅಂದ್ಕೊಂಡಿದ್ದೆ. ನಾದಿನಿಗೂ ಹತ್ತು ಸಲ ಕೊಚ್ಕೊಂಡಿದ್ದೀನಿ.

ಹೋದ ದೀಪಾವಳಿಗೆ ಇಬ್ಬರೂ ಮನೇಲಿದ್ರು. ತೋಟದ ಬೋರ್‌ವೆಲ್ ದುಡ್ಡಿನ ವಿಷಯಕ್ಕೆ ಆರು ತಿಂಗಳಿಂದ ಇಬ್ಬರಿಗೂ ಮಾತು ಅಷ್ಟಕ್ಕಷ್ಟೆ. ಚಿಕ್ಕೋನು ಊರಲ್ಲಿದ್ದು ತೋಟ ನೋಡ್ಕೋತಾನೆ, ದೊಡ್ಡೋನು ಬೆಂಗಳೂರಲ್ಲಿ. ಯಾರದು ಸರಿ ಯಾರದು ತಪ್ಪು ಅಂತ ಇಲ್ಲಿ ಬರೆಯಲ್ಲ, ಇಬ್ಬರೂ ಓದ್ತಾರೆ. ಹಬ್ಬದ ದಿನ ನಡುಮನೇಲಿ ಒಬ್ಬ ಈ ಮೂಲೆ ಒಬ್ಬ ಆ ಮೂಲೆ. ಸೊಸೆ ನನ್ನ ಮುಖ ನೋಡ್ತಾಳೆ, ನಾನು ಅವಳ ಮುಖ ನೋಡ್ತೀನಿ. ದೊಡ್ಡೋನು ಕಾರಿಂದ ಹೊಸ ಪ್ಲೇಸ್ಟೇಷನ್ ತಂದು ಟಿವಿಗೆ ಸಿಗಿಸ್ದ. ಈಗ ಟೆಕೆನ್ 8 ಬಂದೈತೆ, 2024ರದ್ದು. ಕಿಂಗ್ ಅದರಲ್ಲೂ ಅವ್ನೆ, ಅದೇ ಚಿರತೆ ಮುಖ. ಎಡ್ಡಿಗೆ ಮಾತ್ರ ಬೇರೆ ದುಡ್ಡು ಕೊಟ್ಟು ತಗೋಬೇಕಂತೆ. ದೊಡ್ಡೋನು ಅದನ್ನೂ ಮೊದಲೇ ತಗೊಂಡಿದ್ದ. ನೋಡಿದೆ, ಏನೂ ಅನ್ಲಿಲ್ಲ.

ಚಿಕ್ಕೋನು ಹ್ಯಾಂಡ್ಲು ತಗೊಂಡು, "ಮೂರರಲ್ಲಿ ಎರಡು, ಅರವತ್ತು" ಅಂದ, ಗೋಡೆ ನೋಡ್ಕೊಂಡು. ಬರೆದಿದ್ದು ಈಗಿಲ್ಲ, ಆದ್ರೂ ಅಲ್ಲೇ ನೋಡ್ದ.

ಆಗ ದೊಡ್ಡೋನು ಟಿವಿ ಕಡೆ ನೋಡ್ತಾನೇ ಹೇಳ್ದ, "ಅಮ್ಮ, ನೀನು ಅರವತ್ತು ಸೆಕೆಂಡ್ ಇಟ್ಟಿದ್ಯಲ್ಲ, ಅದರಿಂದ ನಾನು ಎಷ್ಟು ಸೋತಿದೀನಿ ಗೊತ್ತಾ? ಇವನು ಬಂದು ಒಂದು ಏಟು ಹೊಡೆಯೋನು. ಆಮೇಲೆ ಐವತ್ತು ಸೆಕೆಂಡ್ ಹಿಂದಕ್ಕೆ ಓಡೋನು. ಟೈಮ್ ಅಪ್. ಇವನ ಪಟ್ಟಿ ಜಾಸ್ತಿ ಇರೋದು. ನಿನಗೆ ಹೇಳೋಕೆ ಬಂದ್ರೆ ನೀನು ಒಲೆ ಮುಂದೆ ಇರ್ತಿದ್ದೆ. ಮುಗೀತಲ್ಲಪ್ಪ, ಬಾ ಊಟಕ್ಕೆ ಅಂತಿದ್ದೆ."

ದೂರಂಗೂ ಹೇಳ್ಲಿಲ್ಲ, ನಗ್ತಾನೂ ಹೇಳ್ಲಿಲ್ಲ. ಹದಿನೆಂಟು ವರ್ಷ ಆಗಿತ್ತು ಕಣ್ರೇ. ನನಗೆ ಕೈಯಲ್ಲಿದ್ದ ಒಬ್ಬಟ್ಟಿನ ತಟ್ಟೆ ಎಲ್ಲಿಡಬೇಕು ಅಂತ ತಿಳೀಲಿಲ್ಲ. ನಾನು ಟೈಮ್ ಇಟ್ಟಿದ್ದು ಮುದ್ದೆಗೆ. ಚಿಕ್ಕೋನು ಅಳಬಾರ್ದು, ಊಟ ಆರಬಾರ್ದು, ಇಷ್ಟೇ ನನ್ನ ಲೆಕ್ಕ. ಒಬ್ಬನ ಆಟಕ್ಕೆ ಅದು ಸರಿಹೋಗುತ್ತೆ, ಇನ್ನೊಬ್ಬನ ಆಟದ ಕುತ್ತಿಗೆ ಹಿಡಿಯುತ್ತೆ ಅಂತ ಹೊಳೀಲೇ ಇಲ್ಲ. ಕಾದು ಹಿಡಿಯೋನಿಗೆ ಟೈಮ್ ಬೇಕು. ಒಂದು ಹೊಡೆದು ಓಡೋನಿಗೆ ಗಡಿಯಾರವೇ ಗೋಡೆ, ಅದರ ಹಿಂದೆ ಬಚ್ಚಿಟ್ಕೋತಾನೆ. ಬೋರ್‌ವೆಲ್ ಮಾತಲ್ಲೂ ನಾನು ಏನಂದಿದ್ದೆ? "ಹಬ್ಬದೊಳಗೆ ಮುಗಿಸ್ಕೊಳ್ಳಿ" ಅಂದಿದ್ದೆ.

ಚಿಕ್ಕೋನು ಸುಮ್ಮನೆ ತಲೆ ತಗ್ಗಿಸ್ಕೊಂಡು ಕೂತಿದ್ದ. ಆಮೇಲೆ ಅವನೇ ಆಪ್ಷನ್ನಿಗೆ ಹೋಗಿ, ಅರವತ್ತು ತೆಗೆದು ಮಲಗಿದ ಎಂಟು ಇಟ್ಟ. ರೌಂಡು ಒಂದಕ್ಕೆ ಇಟ್ಟ.

ನಾದಿನಿಗೆ ನಾನು ಫೋನಲ್ಲಿ ಹೇಳಿದ್ದು ಇಷ್ಟೇ. ಚಿಕ್ಕದು ಒದ್ದು ಓಡ್ತೈತಾ, ದೊಡ್ಡದು ಕಾದು ಹಿಡೀತೈತಾ, ಮೊದಲು ಎರಡು ದಿನ ಪಕ್ಕ ಕೂತು ನೋಡು, ಒಲೆ ಆರಿಸಿ ನೋಡು. ಆಮೇಲೆ ಟೈಮ್ ಇಡು. ಮೂರರಲ್ಲಿ ಎರಡು ಇರಲಿ, ಅದರಲ್ಲೇನೂ ತೊಂದ್ರೆ ಇಲ್ಲ. ಅರವತ್ತಕ್ಕೆ ಬದಲು ತೊಂಬತ್ತೊಂಬತ್ತು ಇಟ್ಟು ನೋಡು, ಇಲ್ಲಾಂದ್ರೆ ಒಂದಿನ ಇವನು ಹೇಳಿದ್ದು, ಒಂದಿನ ಅವನು ಹೇಳಿದ್ದು. ಸ್ವಿಚ್ ಬೋರ್ಡ್ ಹತ್ರ ಮಾತ್ರ ಯಾರನ್ನೂ ಕೂರಿಸಬೇಡ.

ಅವತ್ತು ದೀಪಾವಳಿ ದಿನ ಆ ಒಂದು ರೌಂಡು ಎಷ್ಟು ಹೊತ್ತು ನಡೀತು ಅಂತ ನನಗೆ ಗೊತ್ತಿಲ್ಲ. ಕಿಂಗ್ ಈ ತುದೀಲಿ, ಎಡ್ಡಿ ಆ ತುದೀಲಿ. ಎಡ್ಡಿ ಕುಣೀತಾವ್ನೆ, ಕಿಂಗ್ ಕಾಯ್ತಾವ್ನೆ, ಏಟೇ ಇಲ್ಲ. ಅಂಕಿ ಇರೋ ಜಾಗದಲ್ಲಿ ಆ ಮಲಗಿದ ಎಂಟು ಅಲ್ಲಾಡದೆ ಕೂತೈತೆ. ಒಂದು ಹೊತ್ತಲ್ಲಿ ಚಿಕ್ಕೋನು ಟಿವಿ ಮೇಲಿಂದ ಕಣ್ಣು ತೆಗೀದೆ, "ಪಂಪ್ ಬಿಲ್ಲು ನಿನಗೆ ಕಳಿಸಿದ್ನಾ?" ಅಂದ. ದೊಡ್ಡೋನು "ಇಲ್ಲ, ಬರೀ ಪೈಪಿಂದು ಬಂತು" ಅಂದ. ನಾನು ಒಳಗೆ ಹೋಗಿ ಸಾರಿನ ಒಲೆ ಆರಿಸಿ, ಮುಚ್ಚಳ ಮುಚ್ಚಿ, ಬಂದು ಸೊಸೆ ಪಕ್ಕ ಕೂತೆ. ಊಟಕ್ಕೆ ಯಾರನ್ನೂ ಕರೀಲಿಲ್ಲ.